ಓಟಾನಿಯ 70 ಕೋಟಿ ಡಾಲರ್ ಮತ್ತು ಬೇಸ್‌ಬಾಲ್‌ನ ಕ್ಯಾಲೆಂಡರ್ ಲೆಕ್ಕ

ಕ್ರೀಡೆಯಲ್ಲಿ ದುಡ್ಡಿನ ಮಾತು ಬಂದರೆ ಸಾಕು, ಜಪಾನಿನ ಬೇಸ್‌ಬಾಲ್ ತಾರೆ ಶೋಹೆ ಓಟಾನಿಯ 70 ಕೋಟಿ ಡಾಲರ್ ಎಳೆದು ತರುತ್ತಾರೆ. 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಮೇಜರ್ ಲೀಗ್‌ನ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಜೊತೆ ಆದ ಹತ್ತು ವರ್ಷದ ಕರಾರು ಅದು. ಆದರೆ ಆ ಕರಾರಿನಲ್ಲಿ ಇರುವುದೇನು ನೋಡಿ. 2024ರಿಂದ 2033ರವರೆಗೆ ಅವನ ಕೈಗೆ ಬರುವುದು ವರ್ಷಕ್ಕೆ 20 ಲಕ್ಷ ಡಾಲರ್ ಅಷ್ಟೇ. ಉಳಿದ 68 ಕೋಟಿ ಬರುವುದು 2034ರಿಂದ 2043ರವರೆಗೆ, ವರ್ಷಕ್ಕೆ 6.8 ಕೋಟಿಯಂತೆ. ಬಡ್ಡಿ ಸೊನ್ನೆ.

ಲೆಕ್ಕ ಹಾಕೋಣ. ಪ್ರತಿ ವರ್ಷದ 6.8 ಕೋಟಿ ಹತ್ತು ವರ್ಷ ತಡವಾಗಿ ಬರುತ್ತದೆ. ಲೀಗ್ ಇದನ್ನು ಇವತ್ತಿನ ಬೆಲೆಗೆ ಇಳಿಸಲು ಬಳಸಿದ ದರ 4.43%. 1.0443ನ್ನು ಹತ್ತು ಸಲ ಗುಣಿಸಿದರೆ ಸುಮಾರು 1.54. 6.8ನ್ನು ಅದರಿಂದ ಭಾಗಿಸಿ, 4.4 ಕೋಟಿ ಬರುತ್ತದೆ. ಕೈಗೆ ಸಿಗುವ 20 ಲಕ್ಷ ಸೇರಿಸಿದರೆ ವರ್ಷಕ್ಕೆ ಸುಮಾರು 4.6 ಕೋಟಿ, ಹತ್ತು ವರ್ಷಕ್ಕೆ 46 ಕೋಟಿ. ಅವನ ನಿಜವಾದ ಬೆಲೆ ಇದು. "ಪಾಪ, ತಂಡಕ್ಕಾಗಿ ತ್ಯಾಗ ಮಾಡಿದ" ಅಂತ ಬರೆದವರೂ ಇದ್ದಾರೆ. ತ್ಯಾಗವೂ ಇಲ್ಲ, ತಂಡದ ಧಾರಾಳವೂ ಇಲ್ಲ. ಹಣ ತಡವಾಗಿ ಕೊಡುವ ಮಾತು ಇಲ್ಲದಿದ್ದರೆ 70ರ ಅಂಕಿ ಯಾರೂ ಬರೆಯುತ್ತಲೇ ಇರಲಿಲ್ಲ. ಮೇಲಾಗಿ, ಇಂಥ ಹಣವನ್ನು ಹತ್ತು ವರ್ಷ ಸಮಕಂತುಗಳಲ್ಲಿ ಪಡೆದರೆ, ಅಮೆರಿಕದ ಕಾನೂನಿನ ಪ್ರಕಾರ ರಾಜ್ಯದ ತೆರಿಗೆ ಬೀಳುವುದು ಆಗ ಎಲ್ಲಿ ವಾಸವಿದ್ದಾನೋ ಅಲ್ಲಿ. 2034ಕ್ಕೆ ಮುಂಚೆ ಕ್ಯಾಲಿಫೋರ್ನಿಯಾ ಬಿಟ್ಟರೆ ಅಲ್ಲಿನ 13.3% ಉಳಿತಾಯ. ಆ ರಾಜ್ಯದ ಹಣಕಾಸು ಅಧಿಕಾರಿ (ಕಂಟ್ರೋಲರ್) ಇದನ್ನು ತಡೆಯಿರಿ ಎಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸನ್ನು ಕೇಳಿಕೊಂಡದ್ದು ಸುಮ್ಮನೆ ಅಲ್ಲ.

ಇದರ ಪಕ್ಕದಲ್ಲಿ ಹಳೆಯ ಆಟಗಾರ ಬಾಬಿ ಬೊನಿಯಾನನ್ನು ಇಡಿ. 2000ದಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ ಅವನಿಗೆ ಕೊಡಬೇಕಿದ್ದದ್ದು 59 ಲಕ್ಷ ಡಾಲರ್. ಆಗ ಕೊಡುವ ಬದಲು 8% ಬಡ್ಡಿ ಹಾಕಿ 2011ರಿಂದ 2035ರವರೆಗೆ ಪ್ರತಿ ಜುಲೈ 1ಕ್ಕೆ 11,93,248 ಡಾಲರ್ ಕೊಡಲು ಒಪ್ಪಿದರು. ಒಟ್ಟು ಸುಮಾರು 3 ಕೋಟಿ. ಪ್ರತಿ ವರ್ಷ ಆ ದಿನ ಬಂದರೆ ಮೆಟ್ಸ್ ಬಗ್ಗೆ ಜೋಕುಗಳ ಸುರಿಮಳೆ. ಓಟಾನಿ ಕರಾರನ್ನು ಜಾಣತನ ಅಂತ ಹೊಗಳುವವರೇ ಬೊನಿಯಾನದನ್ನು ದಡ್ಡತನ ಅನ್ನುತ್ತಾರೆ. ಎರಡೂ ಒಂದೇ ತಂತ್ರ, ಬಡ್ಡಿ ದರ ಬೇರೆ. ಮೆಟ್ಸ್ ಮಾಲೀಕರ ಹಣ ಆಗ, ಆಮೇಲೆ ಭಾರಿ ಹೂಡಿಕೆ ವಂಚಕನೆಂದು ಬಯಲಾದ ಬರ್ನಿ ಮೇಡಾಫ್ ಬಳಿ ಇತ್ತು, ಅಲ್ಲಿ 8%ಗಿಂತ ಹೆಚ್ಚು ಹುಟ್ಟುತ್ತದೆ ಅಂದುಕೊಂಡಿದ್ದರು. ಮುಂದೇನಾಯಿತು ಗೊತ್ತೇ ಇದೆ.

ಇಷ್ಟಾದರೂ ಇವೆಲ್ಲ ತಾರೆಗಳ ಕಥೆ. ಐಪಿಎಲ್ ಹರಾಜು ನೋಡಿ ಅಭ್ಯಾಸವಾದವರು ಬೇಸ್‌ಬಾಲ್‌ನಲ್ಲೂ ಚೆನ್ನಾಗಿ ಆಡಿದವನಿಗೆ ಮರುವರ್ಷವೇ ಬೆಲೆ ಏರುತ್ತದೆ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಮೊದಲ ಮೂರು ವರ್ಷ ತಂಡ ಹೇಳಿದ್ದೇ ಸಂಬಳ, 2025ರಲ್ಲಿ ಕನಿಷ್ಠ 7.6 ಲಕ್ಷ ಡಾಲರ್. ಮುಂದಿನ ಮೂರು ವರ್ಷ ಆರ್ಬಿಟ್ರೇಷನ್, ಅಂದರೆ ಸಂಬಳದಲ್ಲಿ ಒಮ್ಮತ ಬರದಿದ್ದರೆ ಮಧ್ಯಸ್ಥರ ತೀರ್ಮಾನ. ಆರು ವರ್ಷ ತುಂಬಿದ ಮೇಲೆ ಫ್ರೀ ಏಜೆಂಟ್, ಆಗ ಯಾವ ತಂಡದ ಜೊತೆಗಾದರೂ ಮಾತಾಡಬಹುದು. ಬಹುಪಾಲು ಆಟಗಾರರು ಆ ಆರನೇ ವರ್ಷ ಮುಟ್ಟುವುದೇ ಇಲ್ಲ. ಮುಟ್ಟಿದವರಲ್ಲೂ ಅನೇಕರಿಗೆ ಅಷ್ಟೊತ್ತಿಗೆ ಮೂವತ್ತು ದಾಟಿರುತ್ತದೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ.

ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಪಾಲ್ ಸ್ಕೀನ್ಸ್ 2025ರಲ್ಲಿ ನ್ಯಾಷನಲ್ ಲೀಗಿನ (ಮೇಜರ್ ಲೀಗಿನ ಎರಡು ವಿಭಾಗಗಳಲ್ಲಿ ಒಂದು) ಅತ್ಯುತ್ತಮ ಪಿಚರ್, ಅಂದರೆ ಚೆಂಡೆಸೆಯುವವ; ಅದಕ್ಕೆ ಕೊಡುವ ಸೈ ಯಂಗ್ ಪ್ರಶಸ್ತಿ ಅವನದೇ. ಸಂಬಳ? 8.75 ಲಕ್ಷ. ಎಳೆಯ ಆಟಗಾರರಿಗೆಂದು 2022ರಲ್ಲಿ ಶುರುವಾದ 5 ಕೋಟಿಯ ಬೋನಸ್ ನಿಧಿಯಿಂದ ಇನ್ನೊಂದು 34 ಲಕ್ಷ ಸಿಕ್ಕಿತು. ಪೇಟೆಗೆ ಬಿಟ್ಟಿದ್ದರೆ ಇದರ ಹತ್ತುಪಟ್ಟು ಕೊಡಲು ತಂಡಗಳು ಸಾಲು ನಿಲ್ಲುತ್ತಿದ್ದವು.

ಇನ್ನು ಆ "ಒಂದು ವರ್ಷ" ಅನ್ನುವುದರಲ್ಲೂ ಮಸಲತ್ತಿದೆ. ಸೀಸನ್ ಸುಮಾರು 186 ದಿನ, ಅದರಲ್ಲಿ 172 ದಿನ ಮೇಜರ್ ಲೀಗ್ ಪಟ್ಟಿಯಲ್ಲಿದ್ದರೆ ಒಂದು ಸರ್ವಿಸ್ ವರ್ಷ. 171 ಆದರೆ ಇಲ್ಲ. ಹಾಗಾಗಿ ಸಿದ್ಧವಾದ ಹುಡುಗನನ್ನು ಎರಡು ಮೂರು ವಾರ ಕೆಳಹಂತದ ಮೈನರ್ ಲೀಗಿನಲ್ಲೇ ಕೂರಿಸಿದರೆ ತಂಡಕ್ಕೆ ಏಳನೇ ವರ್ಷ ಅಗ್ಗಕ್ಕೆ ಸಿಗುತ್ತದೆ. 2015ರಲ್ಲಿ ಶಿಕಾಗೊ ಕಬ್ಸ್ ಕ್ರಿಸ್ ಬ್ರಯಂಟ್‌ನನ್ನು ಏಪ್ರಿಲ್ 17ಕ್ಕೆ ಕರೆಸಿಕೊಂಡಿತು. ವರ್ಷದ ಕೊನೆಗೆ ಅವನ ಲೆಕ್ಕ: 171 ದಿನ. ರೂಕಿ ಆಫ್ ದಿ ಇಯರ್ (ವರ್ಷದ ಅತ್ಯುತ್ತಮ ಹೊಸ ಆಟಗಾರ) ಆದ, ಮರುವರ್ಷ ಎಂವಿಪಿಯೂ (ಲೀಗಿನ ಅತ್ಯಮೂಲ್ಯ ಆಟಗಾರ) ಆದ. ದೂರು ಕೊಟ್ಟ, 2020ರಲ್ಲಿ ಸೋತ. ತಂಡ "ಅವನ ಫೀಲ್ಡಿಂಗ್ ಸುಧಾರಿಸಬೇಕಿತ್ತು" ಅಂದರೆ ಸುಳ್ಳು ಅಂತ ಸಾಬೀತು ಮಾಡುವುದು ಹೇಗೆ? ಈಗ ಆ ರೂಕಿ ಪ್ರಶಸ್ತಿಯ ಮತದಲ್ಲಿ ಮೊದಲೆರಡು ಸ್ಥಾನ ಬಂದರೆ ಪೂರ್ತಿ ವರ್ಷ ಕೊಡುತ್ತಾರೆ. 2024ರ ಮೇನಲ್ಲಿ ಬಂದ ಸ್ಕೀನ್ಸ್‌ಗೆ ಪೂರ್ತಿ ವರ್ಷ ಸಿಕ್ಕಿದ್ದು ಹಾಗೆ. ಮೂರನೇ ಸ್ಥಾನ ಬಂದವನ ಗತಿ ಹಳೆಯದೇ.

ಆರ್ಬಿಟ್ರೇಷನ್ ಇನ್ನೂ ವಿಚಿತ್ರ. ಜನವರಿಯಲ್ಲಿ ಆಟಗಾರ ಒಂದು ಅಂಕಿ, ತಂಡ ಒಂದು ಅಂಕಿ ಕೊಡುತ್ತವೆ. ಮೂವರ ಪೀಠ ಎರಡರಲ್ಲಿ ಒಂದನ್ನೇ ಆರಿಸಬೇಕು, ನಡುವಿನದನ್ನು ಬರೆಯುವ ಹಾಗಿಲ್ಲ, ಕಾರಣವನ್ನೂ ಹೇಳುವುದಿಲ್ಲ. ಹೀಗಾಗಿ ವಾದವೆಲ್ಲ ಮಧ್ಯಬಿಂದುವಿನ ಸುತ್ತ: ಆಟಗಾರನ ಬೆಲೆ ಅದಕ್ಕಿಂತ ಒಂದು ಡಾಲರ್ ಮೇಲಾ, ಕೆಳಗಾ? ಕಳೆದ ಸೀಸನ್ನಿನ ಆಟ, ಅಷ್ಟೇ ಸರ್ವಿಸ್ ಇರುವ ಇತರರ ಸಂಬಳ, ಗಾಯ ಇವೆಲ್ಲ ಎತ್ತಬಹುದು. ತಂಡದ ಹಣಕಾಸಿನ ಸ್ಥಿತಿ, ಪತ್ರಿಕೆಗಳ ಹೊಗಳಿಕೆ, ಮೊದಲು ಬಂದ ಆಫರ್ ಎತ್ತುವಂತಿಲ್ಲ. ಎದುರಿಗೆ ಆಟಗಾರ ಕೂತಿರುತ್ತಾನೆ, ಅವನ ತಂಡದ ವಕೀಲರೇ ಅವನ ಕುಂದುಗಳನ್ನು ಒಂದೊಂದಾಗಿ ಬಿಚ್ಚಿಡುತ್ತಾರೆ. 2023ರಲ್ಲಿ ಮಿಲ್ವಾಕಿ ಬ್ರೂವರ್ಸ್‌ನ ಕಾರ್ಬಿನ್ ಬರ್ನ್ಸ್ ಕೇಳಿದ್ದು 1.075 ಕೋಟಿ, ತಂಡದ ಅಂಕಿ 1.001 ಕೋಟಿ. 7.4 ಲಕ್ಷದ ವ್ಯತ್ಯಾಸಕ್ಕೆ ವಿಚಾರಣೆ ನಡೆಯಿತು, ಬರ್ನ್ಸ್ ಸೋತ. ಹಿಂದಿನ ವರ್ಷ ಪ್ಲೇಆಫ್ ತಪ್ಪಿದ್ದಕ್ಕೆ ತನ್ನನ್ನೇ ಮುಂದೆ ನಿಲ್ಲಿಸಿದರು, ಸಂಬಂಧಕ್ಕೆ ಪೆಟ್ಟು ಬಿತ್ತು ಎಂದು ಅವನೇ ಹೇಳಿದ. ಸೈ ಯಂಗ್ ಗೆದ್ದ ಪಿಚರ್ ಮೇಲೆ ಇಷ್ಟು ಚಿಲ್ಲರೆ ಉಳಿಸಿದ್ದು ನನ್ನ ಪ್ರಕಾರ ಶುದ್ಧ ಅವಿವೇಕ. ಮುಂದಿನ ವರ್ಷ ಅವನು ಬಾಲ್ಟಿಮೋರ್‌ಗೆ, ಆಮೇಲೆ ಅರಿಜೋನಾಗೆ ಆರು ವರ್ಷಕ್ಕೆ 21 ಕೋಟಿಯ ಕರಾರಿಗೆ ಹೋದ. 2025ರ ಜೂನ್‌ನಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ ಆಯಿತು. ಬೇಸ್‌ಬಾಲ್ ಕರಾರು ಗ್ಯಾರಂಟಿ ಇರುವುದರಿಂದ ಸಂಬಳ ನಿಲ್ಲುವುದಿಲ್ಲ, ನಷ್ಟ ತಂಡದ್ದು.

ಬೇಗ ಬಂದವನಿಗೆ ಈ ಕ್ಯಾಲೆಂಡರೇ ವರ. ಹುವಾನ್ ಸೋಟೊ 19ಕ್ಕೆ ಮೇಜರ್ ಲೀಗ್ ಸೇರಿದ. 2022ರಲ್ಲಿ ವಾಷಿಂಗ್ಟನ್ ಕೊಟ್ಟ 15 ವರ್ಷದ 44 ಕೋಟಿ ಬೇಡ ಅಂದ, 26ಕ್ಕೆ ಫ್ರೀ ಏಜೆಂಟ್ ಆಗಿ ಮೆಟ್ಸ್‌ನಿಂದ 15 ವರ್ಷಕ್ಕೆ 76.5 ಕೋಟಿ ಪಡೆದ. ತಡವಾಗಿ ಕೊಡುವ ಹಣ ಒಂದು ಡಾಲರೂ ಇಲ್ಲ, ಸಹಿ ಹಾಕಿದ್ದಕ್ಕೇ 7.5 ಕೋಟಿ. 2029ರ ನಂತರ ಬಿಟ್ಟು ಹೋಗುವ ಹಕ್ಕಿದೆ. ಮೆಟ್ಸ್‌ಗೆ ಅದನ್ನು ತಡೆಯಬೇಕಿದ್ದರೆ ಉಳಿದ ಹತ್ತು ವರ್ಷಕ್ಕೆ ವರ್ಷಕ್ಕೆ 40 ಲಕ್ಷ ಹೆಚ್ಚು ಕೊಡಬೇಕು. ನಿಜವಾದ ಬೆಲೆಯಲ್ಲಿ ಇದು ಓಟಾನಿಯದಕ್ಕಿಂತ ಬಹಳ ದೊಡ್ಡ ಕರಾರು. ಒಂದೇ ಸೀಸನ್ನಿನಲ್ಲಿ 62 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದ ಆರನ್ ಜಡ್ಜ್ ಪೇಟೆಗೆ ಬರುವ ಹೊತ್ತಿಗೆ 30 ಆಗಿತ್ತು, ಸಿಕ್ಕಿದ್ದು ಒಂಬತ್ತು ವರ್ಷ, 36 ಕೋಟಿ.

ಈ ಆರು ವರ್ಷ ಎಲ್ಲಿಂದ ಬಂತು? 1975ರ ಡಿಸೆಂಬರ್‌ನಲ್ಲಿ ಮಧ್ಯಸ್ಥಗಾರ ಪೀಟರ್ ಸೀಟ್ಜ್ ಕೊಟ್ಟ ತೀರ್ಪು ಆಟಗಾರರನ್ನು ಜೀವನಪೂರ್ತಿ ಒಂದೇ ತಂಡಕ್ಕೆ ಕಟ್ಟಿಹಾಕುತ್ತಿದ್ದ ಷರತ್ತನ್ನು ಮುರಿಯಿತು. ಮಾಲೀಕರು ಮತ್ತು ಆಟಗಾರರ ಯೂನಿಯನ್ ಮರುವರ್ಷ ಮಾಡಿಕೊಂಡ ಒಪ್ಪಂದದಲ್ಲಿ ಆರು ವರ್ಷ ಸೇರಿತು. ಓಕ್‌ಲೆಂಡ್ ಮಾಲೀಕ ಚಾರ್ಲಿ ಫಿನ್ಲಿ "ಎಲ್ಲರನ್ನೂ ಪ್ರತಿ ವರ್ಷ ಬಿಟ್ಟುಬಿಡಿ" ಅಂದಿದ್ದ. ಯೂನಿಯನ್ ನಾಯಕ ಮಾರ್ವಿನ್ ಮಿಲ್ಲರ್ ಹೆದರಿದ್ದು ಅದಕ್ಕೇ: ಪೇಟೆ ತುಂಬ ಆಟಗಾರರಿದ್ದರೆ ಬೆಲೆ ಕುಸಿಯುತ್ತದೆ. ಉಳಿದ ಮಾಲೀಕರು ಫಿನ್ಲಿ ಮಾತು ಕೇಳಲಿಲ್ಲ, ಮಿಲ್ಲರ್ ಅದೃಷ್ಟ. ಕಡಿಮೆ ಜನ ಪೇಟೆಗೆ ಬಂದರೆ ಹೆಚ್ಚು ಬೆಲೆ ಅನ್ನುವುದು ಆಗ ಸರಿಯಾದ ಲೆಕ್ಕ. ಈಗ ತಂಡಗಳು ಮೂವತ್ತು ದಾಟಿದವರಿಗೆ ಕೈ ಬಿಗಿ ಹಿಡಿದು, ಆ ಜಾಗಕ್ಕೆ ಕನಿಷ್ಠ ಸಂಬಳದ ಹುಡುಗರನ್ನು ತರುತ್ತವೆ. ಹಾಗಾಗಿ ಅದೇ ಆರು ವರ್ಷ ಯೂನಿಯನ್ನಿಗೆ ತಿರುಗುಬಾಣ.

ಈಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಮಾಲೀಕರಿಗೆ ಒಟ್ಟು ಸಂಬಳಕ್ಕೆ ಮಿತಿ ಬೇಕು. ಈಗಿರುವುದು ಲಕ್ಷುರಿ ಟ್ಯಾಕ್ಸ್: 2025ರಲ್ಲಿ 24.1 ಕೋಟಿ ದಾಟಿದರೆ ದಂಡ, ಸತತ ಮೂರನೇ ವರ್ಷ ದಾಟಿ, ಮಿತಿಗಿಂತ 6 ಕೋಟಿ ಮೇಲೆ ಹೋದರೆ ಆಮೇಲಿನ ಪ್ರತಿ ಡಾಲರಿಗೆ 1.10 ಡಾಲರ್. ಡಾಡ್ಜರ್ಸ್ ಆ ವರ್ಷ ಕಟ್ಟಿದ ದಂಡವೇ ಸುಮಾರು 16.9 ಕೋಟಿ, ಹಲವು ತಂಡಗಳ ಇಡೀ ಸಂಬಳಪಟ್ಟಿಗಿಂತ ಹೆಚ್ಚು. ಆದರೆ ಮಿತಿಯ ಹಟಕ್ಕೇ 1994ರ ಆಗಸ್ಟ್ 12ರಿಂದ 232 ದಿನ ಮುಷ್ಕರ ನಡೆದು ಅಂತಿಮ ಹಣಾಹಣಿಯಾದ ವರ್ಲ್ಡ್ ಸೀರೀಸ್ ರದ್ದಾಗಿತ್ತು. ಯೂನಿಯನ್ ಮತ್ತೆ ಅದೇ ಗೋಡೆ ಕಾಯುತ್ತಾ ಕೂರುವುದು ವ್ಯರ್ಥ ಅನ್ನಿಸುತ್ತದೆ ನನಗೆ. ತಡವಾಗಿ ಕೊಡುವ ಹಣಕ್ಕೆ ಕಡಿವಾಣ ಹಾಕಲು ಒಪ್ಪಿಬಿಡಲಿ, ಅದರಿಂದ ಲಾಭ ಇರುವುದು ಬೆರಳೆಣಿಕೆಯ ತಾರೆಗಳಿಗೆ. ಬದಲಿಗೆ ಆರ್ಬಿಟ್ರೇಷನ್ ಎರಡನೇ ವರ್ಷಕ್ಕೆ, ಫ್ರೀ ಏಜೆನ್ಸಿ ಐದಕ್ಕೆ ಇಳಿಸಿಕೊಳ್ಳಲಿ. ಸ್ಕೀನ್ಸ್‌ನಂಥವನಿಗೂ, ಹೆಸರೇ ಕೇಳದ ನಾಲ್ಕನೇ ವರ್ಷದ ರಿಲೀಫ್ ಪಿಚರ್‌ಗೂ (ಪಂದ್ಯದ ನಡುವೆ ಬದಲಿಯಾಗಿ ಬರುವವ) ಅದರಿಂದ ದುಡ್ಡು ಬರುತ್ತದೆ.