ಫೋನಿಗೆ ವಯಸ್ಸಾಯಿತು ಎನ್ನುವ ಮುನ್ನ

ನನ್ನ ಫೋನಿಗೆ ನಾಲ್ಕು ವರ್ಷ ತುಂಬಿದೆ. ಕಳೆದ ತಿಂಗಳಿಂದ ಅದು ಶೇ 30ರಷ್ಟು ಚಾರ್ಜ್ ಇರುವಾಗಲೇ ಆರಿಹೋಗತೊಡಗಿತು. ಕ್ಯಾಮೆರಾ ತೆರೆದರೆ ಸಾಕು, ಪರದೆ ಕಪ್ಪು. ಕಂಡವರೆಲ್ಲ ಹೇಳಿದ್ದು ಒಂದೇ ಮಾತು: "ಎಷ್ಟು ದಿನ ಅಂತ ಇದನ್ನೇ ಇಟ್ಟುಕೊಳ್ಳುತ್ತೀರಿ? ಹೊಸದು ತೆಗೆದುಕೊಳ್ಳಿ."

ನಾನು ರಿಪೇರಿಗೆ ಕೊಟ್ಟೆ. ರಿಪೇರಿ ಮಾಡುವವರು ಹಿಂಬದಿಯ ಮುಚ್ಚಳದ ಅಂಚಿಗೆ ಬಿಸಿಗಾಳಿ ಹಿಡಿದು, ಅಂಟು ಮೆತ್ತಗಾದ ಮೇಲೆ ತೆಳುವಾದ ಪ್ಲಾಸ್ಟಿಕ್ ತುಂಡೊಂದನ್ನು ಒಳಗೆ ತೂರಿಸಿ ಸುತ್ತಲೂ ಬಿಡಿಸಿದರು. ಬ್ಯಾಟರಿಯ ನಡುಭಾಗ ಸ್ವಲ್ಪ ಉಬ್ಬಿತ್ತು. "ಫೋನಿಗೆ ಏನೂ ಆಗಿಲ್ಲ, ಬ್ಯಾಟರಿ ಮುಗಿದಿದೆ ಅಷ್ಟೇ" ಎಂದರು. ಮುಕ್ಕಾಲು ಗಂಟೆಯ ಕೆಲಸ. ಈಗ ಬೆಳಿಗ್ಗೆ ಚಾರ್ಜ್ ಮಾಡಿದರೆ ರಾತ್ರಿಯವರೆಗೂ ಬರುತ್ತದೆ.

ಬ್ಯಾಟರಿ ಎಂದರೆ ಟೈರಿನ ಹಾಗೆ ಸವೆಯುವ ವಸ್ತು. ಸಾಮಾನ್ಯವಾಗಿ 500ರಿಂದ 1000 ಸಲ ಪೂರ್ತಿ ತುಂಬಿ ಬರಿದಾಗುವಷ್ಟರಲ್ಲಿ ಅದರ ಸಾಮರ್ಥ್ಯ ಶೇ 80ರ ಆಸುಪಾಸಿಗೆ ಇಳಿದಿರುತ್ತದೆ. ಸವೆದ ಬ್ಯಾಟರಿ ಒಮ್ಮೆಲೇ ಹೆಚ್ಚು ವಿದ್ಯುತ್ ಕೊಡಲಾರದು. ವೋಲ್ಟೇಜ್ ಕುಸಿದು ಫೋನ್ ಆರುತ್ತದೆ. ಇದನ್ನು ತಪ್ಪಿಸಲು ಆಪಲ್ ಕಂಪನಿ ಬ್ಯಾಟರಿ ಸವೆದ ಐಫೋನ್‌ಗಳ ವೇಗವನ್ನೇ ತಗ್ಗಿಸಿತ್ತು. 2017ರ ಡಿಸೆಂಬರ್‌ನಲ್ಲಿ ಅದನ್ನು ಒಪ್ಪಿಕೊಂಡಿತು. ಬ್ಯಾಟರಿ ಬದಲಿಸಿದ್ದರೆ ಸಾಕಾಗುತ್ತಿದ್ದ ಎಷ್ಟು ಫೋನ್‌ಗಳು 'ನಿಧಾನವಾಯಿತು' ಎಂಬ ಒಂದೇ ಕಾರಣಕ್ಕೆ ಮೂಲೆ ಸೇರಿರಬಹುದು! ನೆನೆದಾಗಲೆಲ್ಲ ಸಿಟ್ಟು ಬರುತ್ತದೆ.

ಎರಡು ವರ್ಷಕ್ಕೊಮ್ಮೆ, ಮೂರು ವರ್ಷಕ್ಕೊಮ್ಮೆ ಬದಲಿಸಬೇಕು ಎಂಬ ಲೆಕ್ಕಕ್ಕೆ ಬುಡವೇ ಇಲ್ಲ. ನಾನು ಗಮನಿಸುವ ತಾರೀಖು ಒಂದೇ, ಸುರಕ್ಷತಾ ಅಪ್‌ಡೇಟ್ ನಿಲ್ಲುವ ದಿನ. ಹಣದ ವ್ಯವಹಾರವೆಲ್ಲ ಕೈಯಲ್ಲಿರುವ ಫೋನಿನಲ್ಲೇ ನಡೆಯುವಾಗ, ಅಪ್‌ಡೇಟ್ ನಿಂತುಹೋದ ಫೋನ್ ಚಿಲಕವಿಲ್ಲದ ಬಾಗಿಲು. ಅಲ್ಲಿ ಹಟ ಹಿಡಿಯಬಾರದು, ಬದಲಿಸಲೇಬೇಕು. ಆದ್ದರಿಂದ ಕೊಳ್ಳುವಾಗ ಕ್ಯಾಮೆರಾದ ಮೆಗಾಪಿಕ್ಸೆಲ್ ಕೇಳುವ ಮೊದಲು ಅಪ್‌ಡೇಟ್ ಎಷ್ಟು ವರ್ಷ ಸಿಗುತ್ತದೆ ಎಂದು ಕೇಳಿ. 2023ರಲ್ಲಿ ಬಂದ ಪಿಕ್ಸೆಲ್ 8ಕ್ಕೆ ಗೂಗಲ್, 2024ರಲ್ಲಿ ಬಂದ ಗ್ಯಾಲಕ್ಸಿ ಎಸ್24ಕ್ಕೆ ಸ್ಯಾಮ್‌ಸಂಗ್ ಏಳು ವರ್ಷಗಳ ಭರವಸೆ ಕೊಟ್ಟಿವೆ. ತಯಾರಕರೇ ಏಳು ವರ್ಷ ಎನ್ನುತ್ತಿರುವಾಗ ನಾವು ಎರಡು ವರ್ಷಕ್ಕೇ ಕೈಬಿಡುವುದೇಕೆ?

ಲ್ಯಾಪ್‌ಟಾಪ್ ಇನ್ನೂ ಹೆಚ್ಚು ಬಾಳುತ್ತದೆ. ಮಾಹಿತಿ ಉಳಿಸಿಡುವ ಹಳೆಯ ಹಾರ್ಡ್ ಡಿಸ್ಕ್ ತೆಗೆದು, ಅದಕ್ಕಿಂತ ಬಹಳ ವೇಗದ ಎಸ್‌ಎಸ್‌ಡಿ ಹಾಕಿಸಿದರೆ ಬೇರೆಯದೇ ಯಂತ್ರ ಎನಿಸುತ್ತದೆ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ ಬೇಕು. ಅದಿಲ್ಲದ ಗಟ್ಟಿಮುಟ್ಟಾದ ಯಂತ್ರಗಳನ್ನು ಗುಜರಿಗೆ ಹಾಕುವ ಮುನ್ನ ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆ ಲಿನಕ್ಸ್ ಹಾಕಿ ನೋಡಿ ಎಂಬುದು ನನ್ನ ಕಳಕಳಿಯ ಮನವಿ.

ವಿಶ್ವಸಂಸ್ಥೆಯ ಲೆಕ್ಕದ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಉಂಟಾಯಿತು. ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋಯಿತೆಂಬ ದಾಖಲೆ ಇರುವುದು ಅದರಲ್ಲಿ ಶೇ 22.3ಕ್ಕೆ ಮಾತ್ರ. ಫೋನೊಂದು ತನ್ನ ಆಯುಷ್ಯದಲ್ಲಿ ಹೊರಸೂಸುವ ಇಂಗಾಲದ ಬಹುಪಾಲು ಅದು ತಯಾರಾಗುವ ಹಂತದಲ್ಲೇ ಹೊರಬಿದ್ದಿರುತ್ತದೆ, ನಾವು ಪೆಟ್ಟಿಗೆ ಬಿಚ್ಚುವುದಕ್ಕೂ ಮೊದಲೇ.

ಬ್ಯಾಟರಿ ಹಾಕಿಸಿಕೊಂಡು ಬಂದ ಸಂಜೆ ಮೇಜಿನ ಖಾನೆ ತೆರೆದೆ. ಹಿಂದೆ ನಾನು ಬದಲಿಸಿದ ಮೂರು ಫೋನ್‌ಗಳು ಅಲ್ಲೇ ಇದ್ದವು, ಮರುಬಳಕೆಗೆ ಕೊಡೋಣವೆಂದು ಹೊರತೆಗೆದೆ. ಒಂದನ್ನು ಚಾರ್ಜಿಗೆ ಹಾಕಿದೆ. ಹತ್ತು ನಿಮಿಷದಲ್ಲಿ ಪರದೆ ಬೆಳಗಿತು. ಫೋಟೊಗಳು, ಅಲಾರಾಂ, ಸ್ಪೀಕರ್, ಎಲ್ಲವೂ ಸರಿಯಾಗಿದ್ದವು. ಅದನ್ನು ಯಾಕೆ ಬದಲಿಸಿದ್ದೆ ಎಂದು ಎಷ್ಟು ಯೋಚಿಸಿದರೂ ನನಗೆ ನೆನಪಾಗಲಿಲ್ಲ.