ಹಸಿರು ದೀಪದ ಮೇಲೊಂದು ಅನುಮಾನ

ಯುಪಿಎಸ್ ಬಂದ ಮೇಲೆ ಕರೆಂಟು ಹೋಗಿದ್ದೇ ಗೊತ್ತಾಗುವುದಿಲ್ಲ. ಮೊದಲೆಲ್ಲ ಹೋದ ಕೂಡಲೇ ಇಡೀ ಬೀದಿ 'ಹೋ' ಅನ್ನುತ್ತಿತ್ತು, ಬಂದಾಗ ಇನ್ನೂ ಜೋರಾಗಿ 'ಬಂತೂ' ಅನ್ನುತ್ತಿತ್ತು. ಈಗ ಫ್ಯಾನು ತಿರುಗುತ್ತಲೇ ಇರುತ್ತದೆ. ಚಟ್ನಿ ರುಬ್ಬಲು ಹೋದವರಿಗೆ ಮಾತ್ರ ಸುದ್ದಿ ಮುಟ್ಟುತ್ತದೆ, ಮಿಕ್ಸಿಯ ಪ್ಲಗ್ಗಿಗೆ ಯುಪಿಎಸ್ ಲೈನ್ ಕೊಟ್ಟಿರುವುದಿಲ್ಲವಲ್ಲ.

ಮೆಟ್ಟಿಲ ಕೆಳಗೆ ಕೂತ ಡಬ್ಬಕ್ಕೆ ಮಾತ್ರ ಎಲ್ಲ ಮೊದಲೇ ಗೊತ್ತು. ಹೇಳುವುದಕ್ಕೆ ಅದರ ಹತ್ತಿರ ಇರುವುದು ನಾಲ್ಕೈದು ದೀಪ, ಒಂದು ಕೂಗು ಅಷ್ಟೇ. ಯಾವ ದೀಪಕ್ಕೆ ಏನರ್ಥ ಎಂದು ಬರೆದ ಪುಸ್ತಕವನ್ನು ವಾರಂಟಿ ಕಾರ್ಡಿನ ಜೊತೆ ಭದ್ರವಾಗಿ ಇಟ್ಟಿರುತ್ತೇವೆ. ಎಷ್ಟು ಭದ್ರ ಅಂದರೆ ಮತ್ತೆ ಸಿಗುವುದಿಲ್ಲ. ಪಕ್ಕದ ಮನೆಯವರದ್ದನ್ನು ಕೇಳಿ ತಂದರೂ ಉಪಯೋಗವಿಲ್ಲ. ಅವರ ಕಂಪನಿಯಲ್ಲಿ ಹಸಿರು ಮಿಟುಕಿದರೆ ಚಾರ್ಜ್ ಆಗುತ್ತಿದೆ ಎಂದು, ನಮ್ಮದರಲ್ಲಿ ಅದಕ್ಕೆ ಹಳದಿ ದೀಪವೇ ಬೇರೆ ಇರುತ್ತದೆ. ಹಾಗಾಗಿ 'ಅದೇನೋ ಕುಯ್ ಅಂತಿದೆ ನೋಡ್ರೋ' ಎಂದು ಅಮ್ಮ ಒಳಗಿನಿಂದ ಕೂಗಿದರೆ, ಮನೆಯಲ್ಲಿರುವ ಪ್ರತಿಯೊಬ್ಬರೂ ಒಂದೊಂದು ಅರ್ಥ ಹೇಳುತ್ತಾರೆ.

ನಿಜಕ್ಕೂ ಈ ಕುಯ್ ಅನ್ನುವುದು ಅಂಥ ಕಷ್ಟದ ವಿಷಯವಲ್ಲ. ಕರೆಂಟು ಹೋಗಿ ಸ್ವಲ್ಪ ಹೊತ್ತಿಗೇ ಕೂಗಿದರೆ ಹೆಚ್ಚಾಗಿ ಓವರ್‌ಲೋಡ್. ಡಬ್ಬದ ಮೇಲೆ 900 ವಿಎ ಎಂದು ದೊಡ್ಡದಾಗಿ ಬರೆದಿದ್ದರೂ ಅದು ಹೊರುವುದು 700-750 ವ್ಯಾಟಿನಷ್ಟೇ. ಇಸ್ತ್ರಿ ಪೆಟ್ಟಿಗೆ ಒಂದೇ 1000 ವ್ಯಾಟ್ ಕೇಳುತ್ತದೆ. ಇದು ನೆಂಟರು ಬಂದಾಗ ಜಾಸ್ತಿ. ಯಾವ ಪ್ಲಗ್ಗಿನಲ್ಲಿ ಯಾವುದು ಹಾಕಬಾರದು ಎಂದು ಅವರಿಗೆ ಗೊತ್ತಿರುವುದಿಲ್ಲ. ನಮಗೂ ಹೇಳಲು ಸಂಕೋಚ. ಡಬ್ಬಕ್ಕೆ ಆ ದಾಕ್ಷಿಣ್ಯ ಇಲ್ಲ, ಕೂಗಿ ಕೂಗಿ ಕೊನೆಗೆ ಆಫ್ ಆಗುತ್ತದೆ. ಆ ಪ್ಲಗ್ಗು ಕಿತ್ತು ಗುಂಡಿ ಒತ್ತಿದರೆ ಮತ್ತೆ ಶುರು.

ಇನ್ನು ರಾತ್ರಿ ಎರಡು ಗಂಟೆಯ ಕೂಗು. ಅದು ಬ್ಯಾಟರಿ ಮುಗಿಯುತ್ತಾ ಬಂತು ಎಂದು. 12 ವೋಲ್ಟಿನ ಬ್ಯಾಟರಿ 10.5ರ ಹತ್ತಿರಕ್ಕೆ ಇಳಿದರೆ ಡಬ್ಬ ತಾನೇ ಬಂದ್ ಆಗುತ್ತದೆ, ಇಲ್ಲದಿದ್ದರೆ ಬ್ಯಾಟರಿಯೇ ಹಾಳು. ನಿದ್ದೆಗಣ್ಣಲ್ಲಿ ಎದ್ದವರು ಹುಡುಕುವುದು ಕೂಗು ನಿಲ್ಲಿಸುವ ಗುಂಡಿಯನ್ನು. ಅದರ ಬದಲು ಹಾಲಿನ ಫ್ಯಾನು ಆರಿಸಿ ನೋಡಿ. ಭಾರ ಇಳಿದರೆ ವೋಲ್ಟೇಜು ಕೊಂಚ ಮೇಲೇಳುತ್ತದೆ, ಕೆಲವು ಸಲ ಕೂಗೂ ನಿಲ್ಲುತ್ತದೆ.

ತಲೆ ಕೆಡಿಸುವುದು ಬೇರೆಯೇ ಇದೆ. ಎದುರು ಮನೆಯಲ್ಲಿ ಬಲ್ಬು ಉರಿಯುತ್ತಿರುತ್ತದೆ, ನಮ್ಮ ಯುಪಿಎಸ್ ಮಾತ್ರ ಕರೆಂಟಿಲ್ಲ ಎಂದು ದೀಪ ತೋರಿಸುತ್ತದೆ. ಬೇಸಿಗೆಯಲ್ಲಿ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವ ಊರುಗಳಲ್ಲಿ ಇದು ಮಾಮೂಲಿ. 230 ಇರಬೇಕಾದ ವೋಲ್ಟೇಜು 170ಕ್ಕೆ ಇಳಿದಿರುತ್ತದೆ. ಹಿಂದುಗಡೆಯ ಸ್ವಿಚ್ಚು ಯುಪಿಎಸ್ ಕಡೆ ಇದ್ದರೆ, ಕಂಪ್ಯೂಟರಿಗೆ ತೊಂದರೆ ಆಗಬಾರದೆಂದು ಡಬ್ಬ ಸುಮಾರು 180ಕ್ಕಿಂತ ಕಡಿಮೆಯದ್ದನ್ನು ಒಳಗೆ ಬಿಡುವುದೇ ಇಲ್ಲ. ಒಳಗೆ ಟಕ್ ಟಕ್ ಎಂದು ಸದ್ದು ಮಾಡುತ್ತಾ, ಸೇರಿಸುತ್ತಾ ಬಿಡುತ್ತಾ ಇರುತ್ತದೆ. ಜನ ಲೈನ್‌ಮನ್‌ಗೆ ಫೋನ್ ಮಾಡುತ್ತಾರೆ. ಕಂಪ್ಯೂಟರ್ ಇಲ್ಲದ ಮನೆಯಾದರೆ ಆ ಸ್ವಿಚ್ಚನ್ನು ಇನ್ನೊಂದು ಕಡೆಗೆ ತಿರುಗಿಸಿದರೆ ಸಾಕು, ಚಾರ್ಜ್ ಆಗಲು ಶುರುವಾಗುತ್ತದೆ.

ಇಷ್ಟೆಲ್ಲ ಆದ ಮೇಲೂ ನನಗೆ ಕೆಂಪು ದೀಪದ ಮೇಲೆ ಸಿಟ್ಟಿಲ್ಲ. ಅದು ಇದ್ದದ್ದನ್ನು ಹೇಳುತ್ತದೆ. ಅನುಮಾನ ಇರುವುದು ಹಸಿರಿನ ಮೇಲೆ. ಯುಪಿಎಸ್ ಅಳೆಯುವುದು ಬ್ಯಾಟರಿಯ ವೋಲ್ಟೇಜನ್ನು. ಒಳಗೆ ಎಷ್ಟು ಕರೆಂಟು ಹಿಡಿಯುತ್ತದೆ ಎಂಬುದು ಅದಕ್ಕೆ ಕಾಣುವುದಿಲ್ಲ. ಹೊಸ ಬ್ಯಾಟರಿ ನಿಧಾನವಾಗಿ ತುಂಬುತ್ತದೆ, ನಾಲ್ಕೈದು ವರ್ಷ ದುಡಿದದ್ದು ನೋಡುನೋಡುತ್ತಿದ್ದಂತೆ ತುಂಬಿ ಹಸಿರು ತೋರಿಸುತ್ತದೆ. ಹೂಳು ತುಂಬಿದ ಕೆರೆ ಒಂದೇ ಮಳೆಗೆ ಕೋಡಿ ಬೀಳುವ ಹಾಗೆ. ನಾವು 'ಪರವಾಗಿಲ್ಲ, ಬೇಗ ಚಾರ್ಜ್ ಆಯ್ತು' ಎಂದು ಖುಷಿಪಡುತ್ತೇವೆ. ಕಾಲು ಗಂಟೆ ಕರೆಂಟು ಹೋದರೆ ಕುಯ್.

ಬ್ಯಾಟರಿ ನೀರಿಗಂತೂ ಎಷ್ಟೋ ಡಬ್ಬಗಳಲ್ಲಿ ದೀಪವೇ ಇಲ್ಲ. ಬ್ಯಾಟರಿ ಮೇಲಿನ ಪುಟ್ಟ ತೇಲುಕಡ್ಡಿಗಳನ್ನು ಬಗ್ಗಿಯೇ ನೋಡಬೇಕು. ಕೆಂಪು ಗೆರೆಗೆ ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್. ನಲ್ಲಿ ನೀರು ಬೇಡ, ಅದರಲ್ಲಿರುವ ಉಪ್ಪು ಒಳಗಿನ ಪ್ಲೇಟುಗಳಿಗೆ ಆಗದು.

ಹಸಿರಿನ ನಿಜ ತಿಳಿಯಬೇಕಾದರೆ ಒಂದು ಭಾನುವಾರ ಬೆಳಗ್ಗೆ ಮೇನ್ ಆರಿಸಿ ಗಡಿಯಾರ ನೋಡಬೇಕು. 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಎಂದರೆ, 12 ವೋಲ್ಟಿನಿಂದ ಗುಣಿಸಿದರೆ, ಲೆಕ್ಕಕ್ಕೆ 1800 ವ್ಯಾಟ್-ಅವರ್. ಎರಡು ಫ್ಯಾನು, ಒಂದಿಷ್ಟು ಎಲ್‌ಇಡಿ ದೀಪ ಸೇರಿ 200 ವ್ಯಾಟ್ ಹಿಡಿದರೂ, ಸೋರಿಹೋಗುವುದನ್ನು ಕಳೆದು ಐದಾರು ಗಂಟೆಯಾದರೂ ಬರಬೇಕು. ಒಂದು ಗಂಟೆಗೇ ಕುಯ್ ಅಂದರೆ ಬ್ಯಾಟರಿ ಅಂಗಡಿಗೆ ಹೋಗುವ ಕಾಲ ಬಂದಿದೆ. ಒಂದೇ ತೊಂದರೆ, ಖಾಲಿಯಾದದ್ದು ಮತ್ತೆ ತುಂಬಲು ಹತ್ತು ಹನ್ನೆರಡು ಗಂಟೆ ಬೇಕು. ಅದೇ ಸಂಜೆ ಮಳೆ ಬಂದು ಎಲ್ಲೋ ಕಂಬ ಬಿದ್ದರೆ, ಮನೆಯವರು ನಿಮಗೆ ಅನ್ನುವ ಮಾತಿಗೆ ಜವಾಬ್ದಾರಿ ನನ್ನದಲ್ಲ.