ರೊಟೇಟ್ ಒಂದೇ ಮದ್ದು ಅನ್ನೋದು ಬಿಡಿ

ಬೆಂಗಳೂರಿನ ಬಸ್ ವೇಳಾಪಟ್ಟಿಯ ವೆಬ್ ಪುಟ ಮಾಡ್ತಿದ್ದೀರಿ ಅಂದ್ಕೊಳ್ಳಿ. ಮೆಜೆಸ್ಟಿಕ್, ಶಿವಾಜಿನಗರ, ಬನಶಂಕರಿ ಅನ್ನೋ ಕಾಲಮ್ ತಲೆಬರಹಗಳನ್ನ ಉದ್ದಕ್ಕೆ ನಿಲ್ಲಿಸಬೇಕು. ಸಿಎಸ್‌ಎಸ್‌ನಲ್ಲಿ (ವೆಬ್ ಪುಟದ ರೂಪ ಹೇಳೋ ಭಾಷೆ) ಹೇಗೆ ಅಂತ ಯಾರನ್ನ ಕೇಳಿದರೂ ಬರೋ ಉತ್ತರ ‘ಟ್ರಾನ್ಸ್‌ಫಾರ್ಮ್: ರೊಟೇಟ್(90ಡೆಗ್)’. ತಿರುಗುತ್ತೆ ನಿಜ, ಆದರೆ ಕಣ್ಣಿಗೆ ಮಾತ್ರ. ಲೇಔಟ್‌ನಲ್ಲಿ, ಅಂದರೆ ಪುಟದ ಜಾಗದ ಲೆಕ್ಕದಲ್ಲಿ, ಹಳೇ ಜಾಗ ಹಾಗೇ ಇರುತ್ತೆ. 160 ಪಿಕ್ಸೆಲ್ ಅಗಲ, 24 ಎತ್ತರದ ಬಾಕ್ಸ್ ನಡುಬಿಂದುವಿನಲ್ಲಿ ತಿರುಗಿ ಮೇಲಕ್ಕೂ ಕೆಳಕ್ಕೂ 68 ಪಿಕ್ಸೆಲ್ ಚಾಚುತ್ತೆ, ಕೆಳಗಿನ ಸಾಲಿನ ಸಮಯಗಳ ಮೇಲೇ ಹತ್ತಿ ಕೂರುತ್ತೆ. ಕಾಲಮ್ ಮಾತ್ರ 160ರಿಂದ ಒಂದಿಷ್ಟೂ ಕಿರಿದಾಗಲ್ಲ! ಆಮೇಲೆ ಟ್ರಾನ್ಸ್‌ಫಾರ್ಮ್-ಆರಿಜಿನ್ (ತಿರುಗೋ ಬಿಂದು), ಮೈನಸ್ ಮಾರ್ಜಿನ್ (ಸೊನ್ನೆಗಿಂತ ಕಮ್ಮಿ ಅಂಚು) ಅಂತ ತೇಪೆ. ಮೆಜೆಸ್ಟಿಕ್ ಬದಲು ಕೆಂಪೇಗೌಡ ಬಸ್ ನಿಲ್ದಾಣ ಅಂತ ಪೂರ್ತಿ ಹೆಸರು ಬಂದರೆ ಆ ತೇಪೆಯೂ ಕಿತ್ತುಹೋಗುತ್ತೆ. ಬರೀ ಸ್ಪ್ಯಾನ್‌ಗೆ (ಸಾಲಿನೊಳಗಿನ ಪದಗಳನ್ನ ಸುತ್ತೋ ಟ್ಯಾಗ್) ರೊಟೇಟ್ ಹಾಕಿದರಂತೂ ಏನೂ ಆಗಲ್ಲ, ಇನ್‌ಲೈನ್-ಬ್ಲಾಕ್ (ಸಾಲಲ್ಲೇ ಕೂರೋ ಬಾಕ್ಸ್) ಮಾಡಲೇಬೇಕು.

ದಯವಿಟ್ಟು ಅದೇ ಸ್ಪ್ಯಾನ್‌ಗೆ ‘ರೈಟಿಂಗ್-ಮೋಡ್: ವರ್ಟಿಕಲ್-ಆರ್‌ಎಲ್’ ಕೊಡಿ, ಅಂದರೆ ಬರಹ ಮೇಲಿಂದ ಕೆಳಕ್ಕೆ ಹರಿಯಲಿ ಅಂತ. ಇದರಲ್ಲಿ ಲೇಔಟೇ ತಿರುಗುತ್ತೆ, ಕಾಲಮ್ ತಾನಾಗೇ ಕಿರಿದಾಗುತ್ತೆ. ಕೆಳಗಿಂದ ಮೇಲಕ್ಕೆ ಓದಿಸಬೇಕಾದರೆ ಆಗ ರೊಟೇಟ್ 180 ಸೇರಿಸಿ. ಅಳತೆ ಬದಲಾಗದ ಕಾರಣ ಏನೂ ಕೆಡಲ್ಲ. ಅಕ್ಷರ ನಿಲ್ಲೋ ದಿಕ್ಕು ಹೇಳೋ ಟೆಕ್ಸ್ಟ್-ಓರಿಯೆಂಟೇಶನ್‌ನಲ್ಲಿ ಅಪ್‌ರೈಟ್ (ನೆಟ್ಟಗೆ) ಮಾತ್ರ ಬೇಡವೇ ಬೇಡ: ಕನ್ನಡದ ಅಕ್ಷರಗಳು ಬಿಡಿಬಿಡಿಯಾಗಿ ಒಂದರ ಕೆಳಗೊಂದು ಇಳಿದು ಓದೋರಿಗೆ ಹಿಂಸೆ. ಕನ್ನಡವನ್ನ ಸಾಲು ಸಮೇತ ತಿರುಗಿಸೋ, ಡೀಫಾಲ್ಟ್ ಆಗಿರೋ ಮಿಕ್ಸ್ಡ್ ಸಾಕು.